ಹಂಚಿನ ಕರಿ, ಮನದ ಕರಿ

ಬಸವ ಜಯಂತಿ ಇರಲಿ, ಶ್ರಾವಣದ ಪ್ರವಚನ ಇರಲಿ, ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಹೋಳಿಗೆಯ ಊಟ ಆಗಲೇಬೇಕು. ಹೋಳಿಗೆ ಒಡೆದು ಹೂರಣ ಹಂಚಿಗೆ ತಾಗಿದರೆ ಬೆಲ್ಲ ಸೀದು ಕರ್ರಗೆ ಕಚ್ಚಿಕೊಳ್ಳುತ್ತದೆ. ದಾಸೋಹದಲ್ಲಿ ಬಡಿಸಲು ಬರುವ ಕೈಗಳು ಬಹಳ. ಆ ಹಂಚು ತಿಕ್ಕಲು ಬರುವ ಕೈಗಳು ಎಷ್ಟು? ಈ ಸಲ ಇದನ್ನೇ ಚಿಂತನೆ ಮಾಡೋಣ.

ಬೀಡಿನ ಹಂಚಿನ ಮೇಲೆ ಎರಡು ಬಗೆಯ ಕಪ್ಪು ಇರುತ್ತದೆ. ಒಂದು, ತೆಳ್ಳಗೆ ಸವರಿದ ಎಣ್ಣೆ ಕಾದು ಕಾದು ಕಬ್ಬಿಣಕ್ಕೆ ಹೊಂದಿಕೊಂಡ ನುಣುಪಾದ ಪದರ. ಅದು ತುಕ್ಕು ತಡೆಯುತ್ತದೆ, ಅಡುಗೆ ಅಂಟದಂತೆ ಕಾಯುತ್ತದೆ. ಇನ್ನೊಂದು, ಸೀದ ಹಿಟ್ಟು, ಬೆಲ್ಲ, ಹಳೆಯ ಜಿಡ್ಡು ಸೇರಿ ಗಟ್ಟಿಯಾದ ಕರಿ. ಅದು ಚೂರುಚೂರಾಗಿ ಎದ್ದು ಪ್ರಸಾದಕ್ಕೆ ಕಹಿ ಬೆರೆಸುತ್ತದೆ. ಆರಿದ ಹಂಚನ್ನು ಬೆರಳಿನಿಂದ ಸವರಿದರೆ ಭೇದ ತಿಳಿಯುತ್ತದೆ. ನುಣ್ಣಗಿದ್ದುದು ಸಂಸ್ಕಾರ, ಒರಟಾಗಿ ಉದುರುವುದು ಮಲ.

ಅಂದಿನ ಕರಿ ಅಂದೇ ತೆಗೆದರೆ ಬಿಸಿನೀರು, ತೆಂಗಿನ ನಾರು, ಒಂದು ಹಿಡಿ ಹರಳುಪ್ಪು ಸಾಕು. ತಿಂಗಳ ಕರಿಯಾದರೆ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಕಟ್ಟಿಗೆಯ ಸಟ್ಟುಗದಿಂದ ಕೆರೆಯಬೇಕು. ಅದಕ್ಕೂ ಬಗ್ಗದಿದ್ದರೆ ಲೀಟರಿಗೆ ಎರಡು ಚಮಚ ಬಟ್ಟೆ ಸೋಡಾ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಕೈಗೆ ರಬ್ಬರಿನ ಚೀಲ ಹಾಕಿಕೊಂಡು ತಿಕ್ಕಿ, ಚೆನ್ನಾಗಿ ತೊಳೆಯಬೇಕು. ಕೆಲವರು ಸಿಟ್ಟಿನಿಂದ ಕೆಂಡದಲ್ಲಿ ಹೂತು ಕೆಂಪಗೆ ಕಾಯಿಸುತ್ತಾರೆ, ಕಾದ ಹಂಚಿಗೆ ತಣ್ಣೀರು ಸುರಿಯುತ್ತಾರೆ. ಬೀಡು ಗಟ್ಟಿ ನಿಜ, ಆದರೆ ಬಾಗುವ ಗುಣ ಅದಕ್ಕಿಲ್ಲ; ಸೀಳಿಬಿಡುತ್ತದೆ.

ವ್ಯಾಪಾರಸ್ಥ ಭಕ್ತರಿಗೆ ಈ ಮಾತು ಬೇಗ ತಿಳಿದೀತು. ಅಂದಿನ ಜಮಾ-ಖರ್ಚು ಅಂದೇ ಬರೆದವನಿಗೆ ಶಿಲ್ಕು ತಾಳೆಯಾಗುತ್ತದೆ. ವರ್ಷದ ಕೊನೆಗೆ ಕೂತವನಿಗೆ ಹಿಂದಿನ ಬಾಕಿಯ ಮೂಲವೇ ಸಿಗುವುದಿಲ್ಲ.

ಮನಸ್ಸಿನ ಲೆಕ್ಕವೂ ಹೀಗೆಯೇ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಬೆನ್ನು ತಿರುಗಿಸಿ ಬದುಕುತ್ತಾರೆ. ಮೊದಲ ದಿನ ಒಂದು ಮಾತಿನಿಂದ ಹೋಗುತ್ತಿದ್ದ ಕರಿ ಇಪ್ಪತ್ತು ವರ್ಷಕ್ಕೆ ಕಲ್ಲಾಗಿರುತ್ತದೆ. ಅದನ್ನು ಬೆಂಕಿಯಿಂದ ತೆಗೆಯಹೋದರೆ ಮನೆತನವೇ ಸೀಳುತ್ತದೆ. ಬೆಚ್ಚಗಿನ ನೀರಿನಂತೆ, "ಊಟಕ್ಕೆ ಬಾರಪ್ಪಾ ತಮ್ಮಾ" ಎಂಬ ಮಾತಿನಿಂದ ನೆನೆಸಬೇಕು. ಒಂದೇ ದಿನಕ್ಕೆ ಬಿಡದಿದ್ದರೆ ನಾಳೆಯೂ ನೆನೆಸಬೇಕು. ಕರಿಯ ಮೇಲಿನ ಸಿಟ್ಟಿಗೆ ಹಿರಿಯರು ಕೊಟ್ಟ ಹಂಚನ್ನೇ ಗುಜರಿಗೆ ಹಾಕುವುದು ವಿವೇಕವಲ್ಲ.

ಇನ್ನೊಂದು ಮಾತು. ಕರಿ ಹೋದ ಮೇಲೆ ಹಂಚನ್ನು ಬರಿದೇ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು ಏರುತ್ತದೆ. ಒಲೆಯ ಮೇಲೆ ಒಣಗಿಸಿ, ಒಂದೆರಡು ಹನಿ ಕುಸುಬೆ ಎಣ್ಣೆ ಸವರಿ, ಒರೆಸಿ, ಹೊಗೆಯಾಡುವವರೆಗೆ ಕಾಯಿಸಬೇಕು. ಹೀಗೆ ಮೂರು ನಾಲ್ಕು ಸಲ. ಎಣ್ಣೆ ಹೆಚ್ಚಾದರೆ ಅಂಟಾಗುತ್ತದೆ. ಜಗಳ ಮುಗಿದ ಮನೆಗೂ ಇದೇ ನಿಯಮ: ಒಂದೇ ದಿನದ ಅಬ್ಬರದ ಪ್ರೀತಿಗಿಂತ ಆಗಾಗ ಬಂದುಹೋಗುವ ತೆಳುವಾದ ಸ್ನೇಹ ಬಾಳುತ್ತದೆ.

12ನೆಯ ಶತಮಾನದ ಶರಣೆ ಸತ್ಯಕ್ಕ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಳು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಕಾಯಕದಲ್ಲಿ ಮೇಲು ಕೀಳು ಇಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು ಅದನ್ನು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ತೋರಿಸಬೇಕು. ಬರುವ ದಾಸೋಹದಲ್ಲಿ ಪಂಕ್ತಿ ಎದ್ದ ಮೇಲೆ ಗಂಡಸರೂ ಅರ್ಧ ತಾಸು ನಿಲ್ಲಲಿ. ತಾಯಂದಿರಿಗೆ ಮಾತ್ರ ಆ ಕಾಯಕವನ್ನು ಬಿಡದಿರಲಿ. ಹಂಚು ತಿಕ್ಕುತ್ತಾ, ಯಾರೊಡನೆ ಮಾತು ಬಿಟ್ಟಿದ್ದೇವೆ ಎಂಬುದನ್ನೂ ಒಮ್ಮೆ ನೆನೆಯಲಿ.

— ಕಾರ್ಯದರ್ಶಿ, ಶ್ರೀಮಠ