ನೂತ ನೂಲು, ಕೊಂಡ ನೂಲು

ಪುಣೆಯ ಯೆರವಡಾ ಸೆರೆಮನೆಯ ಹೆಸರನ್ನು ಹೊತ್ತ ರಾಟೆಯೊಂದಿದೆ. ಸಣ್ಣ ಸೂಟ್‌ಕೇಸಿನಷ್ಟು ಮರದ ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗೆ ಒಂದು ದೊಡ್ಡ ಚಕ್ರ, ಒಂದು ಚಿಕ್ಕ ಚಕ್ರ, ಪಕ್ಕದಲ್ಲಿ ಕದಿರು. ಗಾಂಧೀಜಿ ಅಲ್ಲಿ ಸೆರೆಯಿದ್ದ ದಿನಗಳಲ್ಲಿ ಹದಕ್ಕೆ ಬಂದ ಈ ಪೆಟ್ಟಿಗೆ ರಾಟೆಗೆ ‘ಯೆರವಡಾ ಚಕ್ರ’ ಎಂದೇ ಹೆಸರಾಯಿತು. ಎಲ್ಲಿಗೆ ಬೇಕಾದರೂ ಒಯ್ಯಬಹುದು, ಒಬ್ಬರೇ ಕುಳಿತು ನೂಲಬಹುದು. ನೂತದ್ದು ಮಾತ್ರ ಹಲವರ ನೂಲಿನೊಡನೆ ಸೇರಿ ಬಟ್ಟೆಯಾಗಬೇಕು. ಒಬ್ಬರ ಮುಖ ಒಬ್ಬರು ಕಾಣದ ಜನ ತಂತಮ್ಮ ಮನೆಯಲ್ಲಿ ಕುಳಿತು, ತಂತಮ್ಮ ಇಷ್ಟದಿಂದ ಒಂದೇ ಕೆಲಸಕ್ಕೆ ಕೈಗೂಡಿಸುವ ಈ ಬಗೆ ಇಂದು ಅಂತರ್ಜಾಲದ ಸಮುದಾಯಗಳಿಂದಾಗಿ ಎಲ್ಲರಿಗೂ ಪರಿಚಿತ. ಅದರ ತೊಡಕುಗಳು ರಾಟೆಯ ಕಾಲದಲ್ಲೇ ಕಾಣಿಸಿಕೊಂಡಿದ್ದವು, ಅದೂ ಕರ್ನಾಟಕದ ನೆಲದಲ್ಲಿ.

1922ರಿಂದ ಯೆರವಡಾದಲ್ಲಿದ್ದ ಗಾಂಧೀಜಿ 1924ರ ಫೆಬ್ರವರಿಯಲ್ಲಿ ಬಿಡುಗಡೆಯಾದರು. ಅದೇ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅಧಿವೇಶನದ ಹೊಣೆ ಹೊತ್ತವರಲ್ಲಿ ಮುಖ್ಯರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಕಾಂಗ್ರೆಸ್ ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ತಂದುಕೊಡಬಹುದೆಂಬ ಸಡಿಲಿಕೆಯೂ ಇತ್ತು. ನಿಯಮದ ಆಶಯವನ್ನು ಮುರಿದದ್ದು ಈ ಸಡಿಲಿಕೆಯೇ. ನೂಲು ಕೊಂಡು ಒಪ್ಪಿಸಿದವರ ಲೆಕ್ಕ ಸರಿಹೋಯಿತು. ರಾಟೆ ಮಾತ್ರ ಅವರ ಮನೆಗೆ ಬರಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಟ್ನಾದ ಕಾಂಗ್ರೆಸ್ ಸಭೆಯಲ್ಲಿ ನಾಲ್ಕಾಣೆಯ ದಾರಿ ಮತ್ತೆ ತೆರೆಯಿತು. ನೂಲುವ ಕೆಲಸಕ್ಕೆಂದೇ ಅಖಿಲ ಭಾರತ ಚರಕಾ ಸಂಘ ಬೇರೆಯಾಗಿ ಹುಟ್ಟಿತು. ಇದರ ಮೊದಲ ವರ್ಗದ ಸದಸ್ಯರು ತಿಂಗಳಿಗೆ 1000 ಗಜ, ಅದೂ ತಾವೇ ನೂತದ್ದನ್ನು ಕೊಡಬೇಕಿತ್ತು. ಹೊರಗಿನವರಿಗೆ ಬಲವಂತವಿಲ್ಲ, ಒಳಗೆ ಬಂದವರಿಗೆ ವಿನಾಯಿತಿಯಿಲ್ಲ. ಬೆಳಗಾವಿಯ ನಿಯಮಕ್ಕಿಂತ ಇದು ಗಟ್ಟಿಯಾದ ವ್ಯವಸ್ಥೆ.

ಇದೇ ಸಂಘ 1929ರಲ್ಲಿ ಉತ್ತಮ ರಾಟೆಗೆಂದು ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಬೆಲೆ 150 ರೂಪಾಯಿ ಮೀರಬಾರದು, ಗುಡಿಸಲಿನಲ್ಲೂ ನಡೆಯಬೇಕು, ಗೆದ್ದವರು ಪೇಟೆಂಟ್ ಹಕ್ಕನ್ನು ಸಂಘಕ್ಕೆ ಬಿಟ್ಟುಕೊಡಬೇಕು. ಬಹುಮಾನ ಯಾರಿಗೂ ದಕ್ಕಲಿಲ್ಲ. ಜನರ ಕೈಗೆ ಹೋದದ್ದು ಬಹುಮಾನದ ಗೊಡವೆಯಿಲ್ಲದ ಯೆರವಡಾ ಪೆಟ್ಟಿಗೆ.

ಅಂತರ್ಜಾಲದಲ್ಲಿ ಇಂಥದೇ ಕೂಡುಕೆಲಸ ಕನ್ನಡ ವಿಕಿಪೀಡಿಯ. ಅದು 2003ರಲ್ಲಿ ಶುರುವಾಯಿತು. ಇಲ್ಲಿ ಬರೆಯುವವರು ಹಕ್ಕನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಬರೆದದ್ದು ಅವರದೇ, ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರಾದರೂ ಬಳಸಬಹುದು, ತಿದ್ದಬಹುದು ಎಂಬ ಪರವಾನಗಿ ಮಾತ್ರ ಕೊಡುತ್ತಾರೆ. ಒಂದು ಅಲ್ಪವಿರಾಮ ತಿದ್ದಿದರೂ ಪುಟದ ಇತಿಹಾಸದಲ್ಲಿ ಯಾರು, ಯಾವಾಗ ಎಂಬುದು ದಾಖಲಾಗುತ್ತದೆ. ಜಗಳವಿದ್ದರೆ ಚರ್ಚೆಯ ಪುಟವಿದೆ, ಊರಿಗೆಲ್ಲ ಸಂಬಂಧಿಸಿದ ಮಾತಿಗೆ ‘ಅರಳಿ ಕಟ್ಟೆ’ ಇದೆ. ರಾಟೆಯ ಹೋಲಿಕೆ ಮಾತ್ರ ಒಂದು ಕಡೆ ಕೈಕೊಡುತ್ತದೆ. ಗಜದ ಲೆಕ್ಕದಲ್ಲಿ ಎಲ್ಲರ ನೂಲೂ ಒಂದೇ. ವಿಕಿಯಲ್ಲಿ ಒಬ್ಬರಿಗೆ ಹಕ್ಕಿಗಳ ಹುಚ್ಚು, ಇನ್ನೊಬ್ಬರಿಗೆ ತಮ್ಮ ತಾಲ್ಲೂಕಿನ ಶಾಸನಗಳು, ಮತ್ತೊಬ್ಬರು ಕಾಗುಣಿತ ತಿದ್ದುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಈ ಹುಚ್ಚುಗಳನ್ನು ಸಮಮಾಡಹೊರಟರೆ ವಿಶ್ವಕೋಶಕ್ಕೇ ನಷ್ಟ.

ಬೆಳಗಾವಿಯ ಕೊಂಡ ನೂಲು ಇಲ್ಲೂ ಬಂತು. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆ ಹಣ ಕೊಟ್ಟು, ತನ್ನ ಅನುವಾದ ಸಾಧನದ ನೆರವಿನಿಂದ ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳ ವಿಕಿಪೀಡಿಯಗಳಿಗೆ ಹಾಕಿಸಿತು. ಪುಟಗಳ ಗಾತ್ರ ಹಿಗ್ಗಿತು. ಎಷ್ಟೋ ವಾಕ್ಯಗಳು ಕನ್ನಡ ಲಿಪಿಯಲ್ಲಿದ್ದರೂ ಕನ್ನಡದವರಿಗೆ ಅರ್ಥವಾಗುವಂತಿರಲಿಲ್ಲ. ಗುತ್ತಿಗೆ ಮುಗಿದ ಮೇಲೆ ಅವನ್ನು ತಿದ್ದುವ ಗರಜು ಅನುವಾದಕರಿಗೆ ಇರಲಿಲ್ಲ. ಆ ಹೊರೆ ಬಿಟ್ಟಿ ದುಡಿಯುವವರ ಹೆಗಲೇರಿತು.

ಅಂಕಗಳ ಆಸೆಯೂ ಹಣಕ್ಕಿಂತ ಬೇರೆಯಾಗಿ ಕೆಲಸ ಮಾಡಲಿಲ್ಲ. ಅದಕ್ಕೆ ಉದಾಹರಣೆ ಪುಣೆಯಲ್ಲೇ ಇದೆ. 2011ರಲ್ಲಿ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ತನ್ನ ಭಾರತ ಶಿಕ್ಷಣ ಕಾರ್ಯಕ್ರಮವನ್ನು ಪ್ರಯೋಗವಾಗಿ ಅಲ್ಲಿನ ಕೆಲವು ಕಾಲೇಜುಗಳಲ್ಲಿ ನಡೆಸಿತು. ತರಗತಿಯ ಕೆಲಸವಾಗಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯುವುದು ಅದರ ಕ್ರಮ. ಪುಸ್ತಕಗಳಿಂದ, ಜಾಲತಾಣಗಳಿಂದ ಯಥಾವತ್ತು ನಕಲು ಮಾಡಿದ ಭಾಗಗಳು ರಾಶಿ ಬಿದ್ದವು. ಸ್ವಯಂಸೇವಕರು ಅವನ್ನು ಹುಡುಕಿ ಅಳಿಸುವುದರಲ್ಲೇ ಬಸವಳಿದರು. ವರ್ಷ ಮುಗಿಯುವುದರೊಳಗೆ ಪ್ರಯೋಗ ನಿಂತಿತು. ದೋಷವನ್ನು ವಿದ್ಯಾರ್ಥಿಗಳ ಮೇಲೆ ಹೊರಿಸುವುದು ಸರಿಯಲ್ಲ. ಸೇರಬೇಕೆಂದು ಅವರೇನೂ ಕೇಳಿಕೊಂಡಿರಲಿಲ್ಲ.

ಹಾಗೆಂದು ಸಂಬಳದ ದುಡಿಮೆ ಹೀನವೆಂದೇನೂ ಅಲ್ಲ. ‘ವಚನ ಸಂಚಯ’ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಹುಡುಕಬಹುದು. ಅದರ ಬುಡದಲ್ಲಿರುವುದು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು. ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿದ್ದ ಪಠ್ಯವನ್ನು ಯೂನಿಕೋಡಿಗೆ ತಂದು ಪದಗಳನ್ನು ಬಿಡಿಸಿಟ್ಟವರು ವಿದ್ವಾಂಸ ಓ. ಎಲ್. ನಾಗಭೂಷಣಸ್ವಾಮಿ ಮತ್ತು ತಂತ್ರಾಂಶ ಬಲ್ಲ ಗೆಳೆಯರು. ವಚನ ಬಲ್ಲವರಿಗೆ ಕೋಡ್ ತಿಳಿಯದು, ಕೋಡ್ ಬಲ್ಲವರಿಗೆ ಪಾಠಾಂತರದ ಸೂಕ್ಷ್ಮ ತಿಳಿಯದು. ಒಬ್ಬರೇ ಕುಳಿತು ಮಾಡುವ ಕೆಲಸವಲ್ಲ ಅದು. ಒಬ್ಬರೇ ಮಾಡಿದ ದೊಡ್ಡ ಕೆಲಸಗಳೂ ಇವೆ. ಹೊರನಾಡಿನ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಸುಲಭ ಮಾಡಿದ ‘ಬರಹ’ವನ್ನು 1998ರಲ್ಲಿ ಹೊರತಂದವರು ಅಮೆರಿಕದಲ್ಲಿದ್ದ ಶೇಷಾದ್ರಿವಾಸು.

ಇಷ್ಟದಿಂದ ಸೇರಿದವರು ಇಷ್ಟದಿಂದಲೇ ಹೊರಡಬಹುದು. ಇಂಥ ಸಮುದಾಯಗಳ ನಿಜವಾದ ದೌರ್ಬಲ್ಯ ಇದೇ. ಹೆಚ್ಚಿನ ಕೆಲಸ ಬೆರಳೆಣಿಕೆಯ ಜನರದಾಗಿರುವುದರಿಂದ, ಇಬ್ಬರು ಮೂವರು ದೂರವಾದರೂ ತಿಂಗಳುಗಟ್ಟಲೆ ಮಂಕು ಕವಿಯುತ್ತದೆ. ಆದರೆ ಹೊರಡುವುದೆಲ್ಲ ನಷ್ಟವಲ್ಲ. ಕನ್ನಡ ವಿಕಿಪೀಡಿಯದಲ್ಲಿ ಕೈ ಪಳಗಿದ ಕೆಲವರು ತಮ್ಮ ಮನೆಮಾತು ತುಳುವಿನಲ್ಲೂ ಬರೆಯತೊಡಗಿದರು. ಹೊಸ ಭಾಷೆಗಳ ವಿಕಿಪೀಡಿಯಗಳು ಬೆಳೆಯುವ ವಿಕಿಮೀಡಿಯದ ಕಾವುಗೂಡಿನಲ್ಲಿ ವರ್ಷಗಟ್ಟಲೆ ಇದ್ದ ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಸ್ವತಂತ್ರವಾಯಿತು. ಅಲ್ಲಿಗೆ ಹೋದವರಲ್ಲಿ ಹಲವರು ಇಲ್ಲೂ ಬರೆಯುತ್ತಲೇ ಇದ್ದಾರೆ.