ಬಿರುಗಾಳಿ ಯಾರ ಪಾಪಕ್ಕೆ?



ಗುಡುಗು ಸಿಡಿಲಿನ ರಾತ್ರಿಗಳಲ್ಲಿ ನಮ್ಮ ಮನೆಯ ಹಿರಿಯರು ಏನು ಮಾಡುತ್ತಿದ್ದರೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗರಿಗಳ ಭಾನುವಾರ ಆಶೀರ್ವದಿಸಿ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಒಣ ಗರಿಯ ಚೂರೊಂದನ್ನು ಮುರಿದು ಕೆಂಡಕ್ಕೆ ಹಾಕುತ್ತಿದ್ದರು. ಮೇಣದ ಬತ್ತಿ ಹಚ್ಚಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಪಸರ ಹಿಡಿಯುತ್ತಿದ್ದರು. ಆ ಭಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಅದೇ ಹಿರಿಯರ ಬಾಯಲ್ಲಿ ಇನ್ನೊಂದು ಮಾತೂ ಬರುತ್ತಿತ್ತು: "ಲೋಕದಲ್ಲಿ ಪಾಪ ಹೆಚ್ಚಾಯಿತು, ಅದಕ್ಕೇ ದೇವರು ಶಿಕ್ಷಿಸುತ್ತಿದ್ದಾರೆ." ಈ ಮಾತು ಇಂದಿಗೂ ನಮ್ಮ ನಡುವೆ ಇದೆ. ಎಲ್ಲಾದರೂ ಚಂಡಮಾರುತ ಬೀಸಿ ಜನ ಸತ್ತರೆಂದು ಸುದ್ದಿ ಬಂದಾಗ, ಪೂಜೆ ಮುಗಿಸಿ ಹೊರಗೆ ನಿಂತು ಮಾತನಾಡುವವರಲ್ಲಿ ಒಬ್ಬರಾದರೂ ಇದನ್ನು ಹೇಳುತ್ತಾರೆ. ಬಹಳ ಸುಲಭದ ಮಾತು. ಸತ್ತವರು ನಮ್ಮವರಲ್ಲದಿದ್ದರೆ ಇನ್ನೂ ಸುಲಭ.

ಆದ್ದರಿಂದ ನಮ್ಮವರೇ ಸತ್ತ ಒಂದು ಬಿರುಗಾಳಿಯನ್ನು ನಿಮ್ಮ ಮುಂದಿಡುತ್ತೇನೆ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿಯ ಸಮುದ್ರದಲ್ಲಿ ವಾಯುಭಾರ ಕುಸಿದು ಹುಟ್ಟಿದ ಚಂಡಮಾರುತಕ್ಕೆ ಓಖಿ ಎಂದು ಹೆಸರು. ಆ ಹೆಸರನ್ನು ಕೊಟ್ಟದ್ದು ಬಾಂಗ್ಲಾದೇಶ. ಬಂಗಾಳಿಯಲ್ಲಿ ಅದರ ಅರ್ಥ ಕಣ್ಣು. ತಿರುವನಂತಪುರದ ಪೂಂತುರ, ವಿಳಿಂಜಂ, ಕನ್ಯಾಕುಮಾರಿ ಜಿಲ್ಲೆಯ ಚಿನ್ನತುರೈ, ತೂತ್ತೂರು, ವಳ್ಳವಿಳೈ — ಇವೆಲ್ಲ ದೇವಾಲಯದ ಗಂಟೆಗೆ ಎದ್ದು, ಗಂಟೆಗೆ ಮಲಗುವ ಕಥೋಲಿಕ ಬೆಸ್ತರ ಊರುಗಳು. 1544ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್‌ರವರು ಕಾಲ್ನಡಿಗೆಯಲ್ಲಿ ಹೋಗಿ ಸ್ನಾನದೀಕ್ಷೆ ಕೊಟ್ಟ ಜನರ ಮೊಮ್ಮಕ್ಕಳ ಮೊಮ್ಮಕ್ಕಳು. ಅಲ್ಲಿನ ಗಂಡಸರು ಸಣ್ಣ ದೋಣಿಗಳಲ್ಲಿ ಹಿಂದಿನ ಸಂಜೆಯೇ ಹೊರಟಿದ್ದರು. ದೊಡ್ಡ ದೋಣಿಯವರಂತೂ ವಾರಗಟ್ಟಲೆ ಹಿಂದೆಯೇ ಆಳಸಮುದ್ರ ಸೇರಿದ್ದರು. ನವೆಂಬರ್ 30ರ ಗುರುವಾರ ಕಡಲು ಕೆರಳಿತು. ಚಂಡಮಾರುತವೆಂಬ ಎಚ್ಚರಿಕೆ ಹೊರಬಿದ್ದದ್ದು ಅದೇ ದಿನ. ಅಷ್ಟರಲ್ಲಿ ದೋಣಿಗಳು ಮೊಬೈಲ್ ಸಿಗ್ನಲ್ ತಲುಪದಷ್ಟು ದೂರದಲ್ಲಿದ್ದವು.

ಆ ದಿನ ಯಾವುದು ಬಲ್ಲಿರಾ? ಪ್ರೇಷಿತ ಸಂತ ಅಂದ್ರೆಯರ ಹಬ್ಬ. ಬಲೆ ಬೀಸುತ್ತಿದ್ದಾಗ ಯೇಸುಸ್ವಾಮಿ ಕರೆದ ಬೆಸ್ತನ ಹಬ್ಬದಂದೇ ಬೆಸ್ತರ ದೋಣಿಗಳು ಮಗುಚಿದವು! ಗಂಟೆಗೆ ಸುಮಾರು 150 ಕಿ.ಮೀ. ವೇಗಕ್ಕೆ ಏರಿದ ಆ ಗಾಳಿ ಲಕ್ಷದ್ವೀಪವನ್ನು ಹಾದು, ಉತ್ತರಕ್ಕೆ ತಿರುಗಿ, ಡಿಸೆಂಬರ್ 5ರ ಹೊತ್ತಿಗೆ ಗುಜರಾತಿನ ಸೂರತ್ ಕಡೆ ಬಲಗುಂದಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಕೆಲವು ದೋಣಿಗಳು ಲಕ್ಷದ್ವೀಪಕ್ಕೆ, ಕೆಲವು ಮಹಾರಾಷ್ಟ್ರದ ದೇವಗಡಕ್ಕೆ ಹೋಗಿ ಬದುಕಿಕೊಂಡವು. ತೀರದಲ್ಲಿ ಹೆಂಗಸರು ಹಗಲೂ ರಾತ್ರಿ ಕಾದರು. ಡಿಸೆಂಬರ್ 3 ಆಗಮನ ಕಾಲದ ಮೊದಲ ಭಾನುವಾರ. ಯಜಮಾನ ಸಂಜೆಗೋ ನಡುರಾತ್ರಿಗೋ ಕೋಳಿ ಕೂಗುವಾಗಲೋ ಬೆಳಗಿನ ಜಾವಕ್ಕೋ ಬರುವುದು ತಿಳಿಯದು, ಆದುದರಿಂದ ನಿದ್ರಿಸಬೇಡಿರೆಂದು ಪ್ರಭು ಹೇಳುವ ಸಂತ ಮಾರ್ಕರ ಶುಭಸಂದೇಶದ ಭಾಗವನ್ನು ಅಂದು ಎಲ್ಲ ದೇವಾಲಯಗಳಲ್ಲೂ ಓದಲಾಯಿತು. ಮೂರು ರಾತ್ರಿ ರೆಪ್ಪೆ ಮುಚ್ಚದ ಆ ತಾಯಂದಿರಿಗೆ ಇದರ ಮೇಲೆ ಏನು ಪ್ರಸಂಗ ಮಾಡುವುದು? ಆ ಪೀಠದಲ್ಲಿ ನಾನು ನಿಂತಿದ್ದರೆ ನನಗೆ ಮಾತು ಹೊರಡುತ್ತಿರಲಿಲ್ಲ.

ಈಗ ಕೇಳುತ್ತೇನೆ: ಇದು ಅವರ ಪಾಪಕ್ಕೆ ಶಿಕ್ಷೆಯೇ? ಚಿನ್ನತುರೈಯ ಬೆಸ್ತ ಬೆಂಗಳೂರಿನ ಲೇವಾದೇವಿಗಾರನಿಗಿಂತ, ಇಲ್ಲವೇ ನಿಮಗಿಂತ, ನನಗಿಂತ ದೊಡ್ಡ ಪಾಪಿಯೇ?

ಯೇಸುಸ್ವಾಮಿಯವರ ಮುಂದೆಯೂ ಇಂತಹದೇ ಪ್ರಸ್ತಾಪ ಬಂದಿತ್ತು. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯವನ್ನು ತೆರೆದು ನೋಡಿ. ಸಿಲೋವದಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ಭಾವಿಸುತ್ತೀರಾ ಎಂದು ಪ್ರಭುವೇ ಕೇಳಿ, ಇಲ್ಲವೆಂದು ತಾವೇ ಖಂಡಿತವಾಗಿ ಹೇಳುತ್ತಾರೆ. ಸತ್ತವರ ಮೇಲೆ ತೀರ್ಪು ಹೇಳುವ ಬಾಯಿಗೆ ಅಲ್ಲೇ ಬೀಗ ಬಿತ್ತು. ಆದರೆ ನಾವು ಅರ್ಧ ಓದಿ ಪುಸ್ತಕ ಮುಚ್ಚಬಾರದು. ಮರುಕ್ಷಣವೇ ಪ್ರಭು ಬದುಕಿ ಉಳಿದವರ ಕಡೆ ತಿರುಗುತ್ತಾರೆ, ಮನಪರಿವರ್ತನೆ ಹೊಂದದಿದ್ದರೆ ನಿಮಗೂ ನಾಶ ತಪ್ಪದು ಎನ್ನುತ್ತಾರೆ. ಸತ್ತವರಿಗೆ ಆರೋಪವಿಲ್ಲ, ಬದುಕಿದವರಿಗೆ ಕರೆ ಇದೆ. ನಾವು ಮಾಡುವುದು ಇದಕ್ಕೆ ತಿರುಗಾಮುರುಗಾ.

ಹಾಗಾದರೆ ಯಾವುದರಿಂದ ತಿರುಗಬೇಕು? ಇದಕ್ಕೆ ಉತ್ತರ ಹೇಳಬೇಕಾದರೆ ಚಂಡಮಾರುತದ ಹುಟ್ಟನ್ನು ಸ್ವಲ್ಪ ತಿಳಿಯಬೇಕು. ಸಮುದ್ರದ ಮೇಲಿನ ನೀರು ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ, ಆ ಬಿಸಿ ಹತ್ತಾರು ಮೀಟರ್ ಆಳಕ್ಕೂ ಇಳಿದಿದ್ದರೆ, ಅಲ್ಲಿಂದ ನೀರಾವಿ ಧಾರಾಳವಾಗಿ ಮೇಲೇರುತ್ತದೆ. ಮೇಲೆ ಹೋಗಿ ತಣಿದು ಮೋಡವಾಗುವಾಗ ತಾನು ಹೊತ್ತ ಶಾಖವನ್ನು ಗಾಳಿಗೆ ಬಿಡುತ್ತದೆ. ಬಿಸಿಯಾದ ಗಾಳಿ ಮತ್ತೂ ಮೇಲೇರುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ, ಸುತ್ತಲಿನ ಗಾಳಿ ಅತ್ತ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೇರ ಬಾರದೆ ಬುಗುರಿಯಂತೆ ಸುತ್ತತೊಡಗುತ್ತದೆ. ಬೆಚ್ಚಗಿನ ಸಮುದ್ರವೇ ಇದರ ಒಲೆ. ನೆಲಕ್ಕೆ ಬಂದರೆ ಸೌದೆ ಮುಗಿದಂತೆ. ಸೃಷ್ಟಿಯಲ್ಲಿ ಈ ವ್ಯವಸ್ಥೆ ಮನುಷ್ಯ ಹುಟ್ಟುವ ಮೊದಲೂ ಇತ್ತು. ಇದರಲ್ಲಿ ಕೋಪವೂ ಇಲ್ಲ, ದ್ವೇಷವೂ ಇಲ್ಲ. ಹೋರೇಬ್ ಬೆಟ್ಟದ ಮೇಲೆ ಬಂಡೆ ಸೀಳುವಂತಹ ಗಾಳಿ ಬೀಸಿದಾಗ ಪ್ರವಾದಿ ಎಲೀಯನಿಗೆ ಆ ಗಾಳಿಯಲ್ಲಿ ದೇವರು ಸಿಗಲಿಲ್ಲವೆಂಬುದನ್ನು ಮರೆಯಬಾರದು.

ಆದರೆ ಒಲೆಗೆ ಸೌದೆ ಒಟ್ಟಿದವರು ನಾವು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹತ್ತು ಲಕ್ಷಕ್ಕೆ 280 ಭಾಗದಿಂದ 420ಕ್ಕೂ ಮೇಲೇರಿಸಿದ್ದೇವೆ. ಅದರಿಂದ ಭೂಮಿಯಲ್ಲಿ ಸಿಕ್ಕಿಬಿದ್ದ ಹೆಚ್ಚುವರಿ ಶಾಖದಲ್ಲಿ 100ಕ್ಕೆ 90 ಪಾಲನ್ನು ಸಮುದ್ರ ಸದ್ದಿಲ್ಲದೆ ನುಂಗಿಕೊಂಡಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 100ಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಮಳೆ ಬಿದ್ದರೆ ಸುರಿದಂತೆಯೇ ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಹುಟ್ಟಿದರೆ ಅರಬ್ಬಿ ಸಮುದ್ರದಲ್ಲಿ ಒಂದು ಎಂಬುದು ಹಳೆಯ ಲೆಕ್ಕ. ನಮ್ಮ ಪಡುವಣ ಕಡಲು ಈಚಿನ ದಶಕಗಳಲ್ಲಿ ಬೆಚ್ಚಗಾಗುತ್ತ ಬಂದಂತೆ ಆ ಲೆಕ್ಕ ತಪ್ಪತೊಡಗಿದೆ. 2019ರಲ್ಲಿ ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಒಂದೇ ವೇಳೆ ಅರಬ್ಬಿ ಸಮುದ್ರದಲ್ಲಿ ಸುತ್ತಿದವು. 2021ರ ಮೇ ತಿಂಗಳಲ್ಲಿ ತೌಕ್ತೆ ಹಾದುಹೋದಾಗ ಉಳ್ಳಾಲ, ಸೋಮೇಶ್ವರದ ಕಡಲತೀರದ ಮನೆಗಳಿಗೆ ಅಲೆ ನುಗ್ಗಿದ್ದನ್ನು ಕರಾವಳಿಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇದರಲ್ಲಿ ಅನ್ಯಾಯ ಎಲ್ಲಿದೆ ನೋಡಿ. ಸುಟ್ಟವರು ಒಬ್ಬರು, ಮುಳುಗಿದವರು ಇನ್ನೊಬ್ಬರು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸಿ' ವಿಶ್ವಪತ್ರದ ತಿರುಳೂ ಇದೇ: ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆ ಬೇರೆಯಾಗಿ ಕೇಳಲು ಬರುವುದಿಲ್ಲ. ಪಾಪ ಎಂಬ ಮಾತನ್ನು ಬಳಸಲೇಬೇಕೆಂದಿದ್ದರೆ ಇಲ್ಲಿ ಬಳಸೋಣ. ಆದರೆ ಸತ್ತವರ ಹೆಸರಿನ ಮುಂದೆ ಅಲ್ಲ.

"ಸ್ವಾಮಿ, ನಾನೊಬ್ಬ ಏನು ಮಾಡಬಲ್ಲೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಡಿಶಾದ ಕಡೆ ನೋಡಿ. 1999ರ ಅಕ್ಟೋಬರ್ 29ರಂದು ಅಲ್ಲಿಗೆ ಬಂದ ಮಹಾ ಚಂಡಮಾರುತದಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಆಮೇಲೆ ಆ ಬಡ ರಾಜ್ಯ ತೀರದುದ್ದಕ್ಕೂ ಕಂಬಗಳ ಮೇಲೆ ಗಟ್ಟಿ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಊರೂರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು, 2019ರಲ್ಲಿ ಫೋನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಮೊದಲೇ ಮನೆ ಬಿಡಿಸಿ ಸುರಕ್ಷಿತ ಜಾಗಕ್ಕೆ ಸೇರಿಸಿದರು. ಸತ್ತವರ ಸಂಖ್ಯೆ ಎರಡು ಸಲವೂ ಅಲ್ಲಿ ನೂರನ್ನು ಮುಟ್ಟಲಿಲ್ಲ. ಗಾಳಿ ಮೆತ್ತಗಾಗಿರಲಿಲ್ಲ, ಪ್ರಿಯರೇ. ಯಾರೋ ಬಾಗಿಲು ಬಡಿದರು, ಯಾರೋ ನಡೆಯಲಾರದ ಅಜ್ಜಿಯನ್ನು ಹೊತ್ತುಕೊಂಡು ಹೋದರು. ಆಗಮನ ಕಾಲದ ಎಚ್ಚರ ಹೀಗೂ ಇರಬಹುದೆಂದು ನನಗೆ ತೋರುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ತಗ್ಗಿನಲ್ಲಿ, ಹೊಳೆಯಂಚಿನಲ್ಲಿ ಒಂಟಿಯಾಗಿರುವ ಮುದುಕರು ಎಷ್ಟು ಮಂದಿ? ಮಳೆ ಜೋರಾದ ರಾತ್ರಿ ಅವರ ಬಾಗಿಲು ಬಡಿಯುವವರು ಯಾರು? ಶಾಲೆಯ ಕೀಲಿ ಯಾರ ಬಳಿ ಇರುತ್ತದೆ? ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಇದನ್ನು ಮಾತಾಡಿಕೊಳ್ಳಿ.

ಓಖಿಯ ಊರುಗಳ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಒಂಬತ್ತು ತಿಂಗಳೂ ತುಂಬಿರಲಿಲ್ಲ. 2018ರ ಆಗಸ್ಟಿನಲ್ಲಿ, ನಮ್ಮ ಕೊಡಗಿನಲ್ಲಿ ಗುಡ್ಡಗಳು ಜರಿದ ಅದೇ ವಾರ, ಕೇರಳ ನೆರೆಯಲ್ಲಿ ಮುಳುಗಿತು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಆಸುಪಾಸಿನಲ್ಲಿ ಬೆಸ್ತರು ತಮ್ಮ ದೋಣಿಗಳನ್ನು ಲಾರಿಗಳಿಗೆ ಏರಿಸಿಕೊಂಡು ಚೆಂಗನ್ನೂರಿನ ಕಡೆ ಹೊರಟರು. ಓಖಿಯಲ್ಲಿ ಅಣ್ಣನನ್ನು, ತಂದೆಯನ್ನು ಕಳೆದುಕೊಂಡ ತೀರದವರೂ ಅವರಲ್ಲಿದ್ದರು. ತಮಗಾಗಿ ಹಡಗು ತಡವಾಗಿ ಬಂತೆಂದು ಕಣ್ಣೀರಿಟ್ಟಿದ್ದ ಜನ, ಪರಿಚಯವೇ ಇಲ್ಲದ ಊರಿನ ಹೆಂಚಿನ ಮಾಡುಗಳಿಂದ ಸಾವಿರಾರು ಜನರನ್ನು ಇಳಿಸಿದರು. ಜಾತಿ ಮತ ಕೇಳಲಿಲ್ಲ. ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬ ಮುಸ್ಲಿಂ ಬೆಸ್ತ ಯುವಕ ನೀರಿನಲ್ಲಿ ಮಂಡಿಯೂರಿ ಬಾಗಿ, ಹೆಂಗಸರು ದೋಣಿ ಹತ್ತಲು ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟದ್ದನ್ನು ನಾಡೆಲ್ಲ ನೋಡಿತು.

ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ ಯೇಸುಸ್ವಾಮಿಯನ್ನು ಶಿಷ್ಯರು ಎಬ್ಬಿಸಿ, ನಾವು ಮುಳುಗುವುದು ನಿಮಗೆ ಚಿಂತೆಯೇ ಇಲ್ಲವೇ ಎಂದು ಕೇಳಿದರಲ್ಲ, ಆ ಪ್ರಶ್ನೆ ಓಖಿಯ ವಿಧವೆಯರ ಬಾಯಲ್ಲಿ ಇಂದಿಗೂ ಇದ್ದೀತು. ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಚೆಂಗನ್ನೂರಿನ ಆ ದೋಣಿಗಳನ್ನು ನೆನೆದಾಗ ಮಾತ್ರ, ಪ್ರಭು ನಿದ್ರಿಸುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಕಾಣೆಯಾದವರ ಮನೆಗಳಲ್ಲಿ ಒಂದು ಕಷ್ಟ ಉಳಿದೇ ಇದೆ. ಶವ ಸಿಗಲಿಲ್ಲ. ಕಾಣೆಯಾದವನನ್ನು ಸತ್ತನೆಂದು ಕಾನೂನು ಸಾಮಾನ್ಯವಾಗಿ ಎಣಿಸುವುದು ಏಳು ವರ್ಷದ ಮೇಲೆ; ತಾಯಿಯ ಮನಸ್ಸು ಅಷ್ಟಕ್ಕೂ ಒಪ್ಪದು. ನವೆಂಬರ್ 2ರಂದು ಮೃತರ ಸ್ಮರಣೆಗೆ ನಾವೆಲ್ಲ ಸಮಾಧಿಗಳನ್ನು ತೊಳೆದು ಹೂವಿಡುತ್ತೇವೆ. ಅವರಿಗೆ ಹೂವಿಡಲು ಒಂದು ಹಿಡಿ ಮಣ್ಣಿನ ದಿಬ್ಬವೂ ಇಲ್ಲ. ಈ ಸಲ ನಿಮ್ಮವರಿಗೆ ಮೇಣದ ಬತ್ತಿ ತರುವಾಗ ಇನ್ನೊಂದನ್ನು ಹೆಚ್ಚಿಗೆ ತನ್ನಿ. ಸ್ಮಶಾನದ ಶಿಲುಬೆಯ ಬುಡದಲ್ಲಿ ಅದನ್ನು ಹಚ್ಚಿ, ಅದು ಯಾರಿಗೆಂದು ಮಕ್ಕಳು ಕೇಳಿದರೆ ಹೇಳಿ.