ಮದುವೆಯ ಡಾಲ್ಬಿ: ಅನುಭವಕ್ಕೆ ಏನು ಪ್ರಮಾಣ?

ಮದುವೆಗೆ ಡಿಜೆ ಗೊತ್ತುಮಾಡುವ ಮನೆಯವರು ಮೊದಲು ದರ ಕೇಳುತ್ತಾರೆ, ಆಮೇಲೆ ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಯ ಒಳಗೆ ತತ್ತ್ವಶಾಸ್ತ್ರದ ಹಳೆಯ ಸಮಸ್ಯೆಯೊಂದಿದೆ. ಇನ್ನೊಬ್ಬನ ಅನುಭವವನ್ನು ಹೊರಗಿನವರು ಅರಿಯುವುದು ಹೇಗೆ? ಅರಿತರೂ, ಆಗಿಹೋದ ಮದುವೆಗಳು ಆಗಬೇಕಾದ ಮದುವೆಯ ಬಗ್ಗೆ ಏನು ಭರವಸೆ ಕೊಡುತ್ತವೆ?

ಯಲ್ಲಾಲಿಂಗ ಮಹಾರಾಜರ ಮಠದಿಂದ ಹೆಸರಾದ ರಾಯಬಾಗ ತಾಲ್ಲೂಕಿನ ಮುಗಳಖೋಡ, ಅದರ ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಡಿಜೆಗೆ ‘ಡಾಲ್ಬಿ’ ಎನ್ನುವ ರೂಢಿಯೂ ಉಂಟು. ಸನಾದಿ, ಹಲಗಿ, ಕರಡಿಮಜಲು, ಆಮೇಲೆ ಬ್ಯಾಂಡು ನಿಂತಿದ್ದ ಜಾಗದಲ್ಲಿ ಈಗ ಅದು ನಿಂತಿದೆ. ಇದು ಬರಿಯ ಮನರಂಜನೆ, ಧರ್ಮದ ಮಾತು ಇಲ್ಲೇಕೆ ಎಂದು ತಳ್ಳಿಹಾಕುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿವರಣೆಯೇ ಮದುವೆಯ ಮೆರವಣಿಗೆಯನ್ನೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಮಾರಂಭಗಳನ್ನೂ ಧಾರ್ಮಿಕ ವಿಧಿಯೊಳಗೆ ಸೇರಿಸಿದೆ. ವಾದ್ಯ ನುಡಿಸುವವರು ವಿಧಿಯ ಹೊರಗಿನವರಲ್ಲ ಎಂಬುದು ಹಂದರದಲ್ಲಿ ಕೂತವರಿಗೆ ಕಾನೂನಿಗಿಂತ ಮೊದಲೇ ಗೊತ್ತಿದ್ದ ಸಂಗತಿ.

ಈ ಸೀಮೆಯಲ್ಲಿ ಆ ವಿಧಿ ಒಂದೇ ಬಗೆಯದಲ್ಲ. ಮಂಗಲಾಷ್ಟಕದ ಒಂದೊಂದು ಪದ್ಯ ಮುಗಿದಾಗಲೂ ಅಕ್ಕಿಕಾಳು ಬೀಳುತ್ತವೆ; ಕೊನೆಯ ಪದ್ಯ ಮುಗಿಯುವ ಮುನ್ನ ವಾದ್ಯ ಮೊಳಗಿದರೆ ಮುಹೂರ್ತ ಕೆಟ್ಟಿತೆಂದು ಹಿರಿಯರು ನೊಂದುಕೊಳ್ಳುತ್ತಾರೆ. ಲಿಂಗಾಯತರ ಮದುವೆಯಲ್ಲಿ ಸ್ವಾಮಿಗಳ ಆಶೀರ್ವಚನ ಇದ್ದಾಗ ಸ್ಪೀಕರಿನಿಂದ ಗುಂಯ್‌ಗುಡುವ ಸದ್ದೂ ಬರಕೂಡದು. ಜೈನ ಮನೆತನಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕು, ಹಾಗಾಗಿ ಮೆರವಣಿಗೆ ತಡವಾದರೆ ಅದು ವ್ರತಕ್ಕೇ ತೊಡಕು. ನಿಕಾಹ್ ನಡೆಯುವಾಗ, ಆಜಾನ್ ಕೇಳಿದಾಗ ಹಾಡು ನಿಲ್ಲಬೇಕು. ಹಾಲುಮತದವರ ಮನೆಯಲ್ಲಿ ಡೊಳ್ಳಿನವರು ಬಂದರೆ ಡಾಲ್ಬಿ ಅವರಿಗೆ ದಾರಿ ಬಿಡಬೇಕು. ಹೀಗಾಗಿ ಇಲ್ಲಿ ನುರಿತವನ ಅರಿವು ಬಹುಪಾಲು ಯಾವಾಗ ಸುಮ್ಮನಿರಬೇಕು ಎಂಬುದರ ಅರಿವು. ಅದನ್ನು ಯಂತ್ರದ ಕೈಪಿಡಿ ಕಲಿಸುವುದಿಲ್ಲ.

ಇಂಥ ಅರಿವಿನ ಸ್ವರೂಪವನ್ನು ನ್ಯಾಯದರ್ಶನ ಚೆನ್ನಾಗಿ ಬಿಡಿಸಿ ತೋರಿಸಿದೆ. ಅನ್ನಂಭಟ್ಟನ ‘ತರ್ಕಸಂಗ್ರಹ’ ಜ್ಞಾನವನ್ನು ಸ್ಮೃತಿ ಮತ್ತು ಅನುಭವ ಎಂದು ಎರಡಾಗಿ ವಿಂಗಡಿಸುತ್ತದೆ. ಹಿಂದಿನ ಸಂಸ್ಕಾರ ಮಾತ್ರದಿಂದ ಹುಟ್ಟುವುದು ಸ್ಮೃತಿ, ಅದಕ್ಕಿಂತ ಬೇರೆಯಾದದ್ದು ಅನುಭವ. ಇವೆರಡರ ನಡುವೆ ಪ್ರತ್ಯಭಿಜ್ಞೆಯೂ ಉಂಟು. ಎದುರಿಗಿರುವುದನ್ನು ಕಾಣುತ್ತಲೇ ಸಂಸ್ಕಾರದ ನೆರವಿನಿಂದ ಇದು ಅದೇ ಎಂದು ಗುರುತಿಸುವ ಜ್ಞಾನವದು. ನೂರು ಮದುವೆಗಳಲ್ಲಿ ಒಂದೇ ಹಾಡುಪಟ್ಟಿಯನ್ನು ಒಂದೇ ಕ್ರಮದಲ್ಲಿ ಹಾಕಿದವನ ಬಳಿ ಇರುವುದು ಸ್ಮೃತಿ. ಪುರೋಹಿತರ ದನಿ ಏರಿದ್ದನ್ನು ಕೇಳಿ ಇದು ಕೊನೆಯ ಪದ್ಯವೆಂದು ತಿಳಿಯುವವನು, ಕುಣಿಯುವ ಹುಡುಗರ ನಡುವೆ ತಳ್ಳಾಟ ಶುರುವಾಗುವ ಲಕ್ಷಣ ಕಂಡೊಡನೆ ಹಾಡಿನ ಓಟ ತಗ್ಗಿಸುವವನು ಪ್ರತ್ಯಭಿಜ್ಞೆಯಿಂದ ಕೆಲಸ ಮಾಡುತ್ತಾನೆ. ಕುಟುಂಬವು ಬೆಲೆ ಕೊಡಬೇಕಾದದ್ದು ಇದಕ್ಕೆ. ವರ್ಷಗಳ ಎಣಿಕೆ ಈ ವ್ಯತ್ಯಾಸವನ್ನು ತೋರಿಸಲಾರದು.

ಗ್ರೀಸಿನ ಅರಿಸ್ಟಾಟಲ್ ‘ಮೆಟಾಫಿಸಿಕ್ಸ್’ನ ಆರಂಭದಲ್ಲೇ ಇದಕ್ಕೆ ಹತ್ತಿರದ ಮಾತು ಹೇಳುತ್ತಾನೆ. ಒಂದೇ ವಿಷಯದ ಹಲವು ನೆನಪುಗಳು ಕೂಡಿ ಅನುಭವವಾಗುತ್ತದೆ. ಕಾರ್ಯರಂಗದಲ್ಲಿ ಅನುಭವವಿಲ್ಲದ ಶಾಸ್ತ್ರಜ್ಞನಿಗಿಂತ ಅನುಭವಿಯೇ ಹೆಚ್ಚು ಗೆಲ್ಲುತ್ತಾನೆ, ಏಕೆಂದರೆ ಕೆಲಸ ನಡೆಯುವುದು ಬಿಡಿ ಸಂದರ್ಭಗಳಲ್ಲಿ. ಇಲ್ಲಿ ಡೇವಿಡ್ ಹ್ಯೂಮನ ಆಕ್ಷೇಪವನ್ನೂ ಕೇಳಬೇಕು. ಹಿಂದೆ ನಡೆದದ್ದೇ ಮುಂದೆಯೂ ನಡೆಯುತ್ತದೆ ಎಂಬುದಕ್ಕೆ ತಾರ್ಕಿಕ ಆಧಾರವಿಲ್ಲವೆಂದು ಅವನು 1748ರಲ್ಲಿ ವಾದಿಸಿದ. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಒಳ್ಳೆಯ ಆಪರೇಟರನ ಅನುಭವ ಹಿಂದಿನಂತೆಯೇ ನಡೆಯುತ್ತದೆಂಬ ನಂಬಿಕೆಯ ಮೇಲೆ ನಿಂತಿರುವುದಿಲ್ಲ. ಕರೆಂಟ್ ಹೋಗಬಹುದು, ಮೈಕ್ ಕೂಗಬಹುದು ಎಂದು ಅವನು ಜನರೇಟರ್ ಮತ್ತು ಇನ್ನೊಂದು ಮೈಕ್ ಇಟ್ಟುಕೊಂಡೇ ಬರುತ್ತಾನೆ. ಹ್ಯೂಮ್ ತೋರಿದ ಅನಿಶ್ಚಿತತೆಗೆ ಕೈಕೆಲಸದವರು ಕಂಡುಕೊಂಡಿರುವ ಉತ್ತರ ಇದು.

ಅನುಭವವನ್ನು ಕುಟುಂಬ ಕಣ್ಣಾರೆ ಕಾಣದು, ಬೇರೆಯವರ ಮಾತಿನಿಂದ ತಿಳಿಯುತ್ತದೆ. ಯಾರ ಮಾತು? ‘ನ್ಯಾಯಭಾಷ್ಯ’ದಲ್ಲಿ ವಾತ್ಸ್ಯಾಯನ ಆಪ್ತನಿಗೆ ಹೇಳುವ ಲಕ್ಷಣ ಇಲ್ಲಿ ಉಪಯುಕ್ತ: ವಿಷಯವನ್ನು ಸಾಕ್ಷಾತ್ ಅರಿತವನಾಗಿರಬೇಕು, ಅರಿತದ್ದನ್ನು ಹಾಗೆಯೇ ತಿಳಿಸುವ ಇಚ್ಛೆ ಅವನಿಗಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದು ಸಮಾನ ಎಂದೂ ಅವನು ಸೇರಿಸುತ್ತಾನೆ. ಮೊಬೈಲಿನಲ್ಲಿ ತೋರಿಸುವ ಅಬ್ಬರದ ವಿಡಿಯೊ ಈ ಲಕ್ಷಣಕ್ಕೆ ನಿಲ್ಲುವುದಿಲ್ಲ. ಹಿಂದಿನ ಮದುವೆಯಲ್ಲಿ ಅಡುಗೆ ಬಡಿಸಿದವರು, ಹಂದರ ಹಾಕಿದವರು, ಪುರೋಹಿತರು ಹೇಳುವ ಮಾತು ನಿಲ್ಲುತ್ತದೆ.

ಎಲ್ಲರೂ ಅನುಭವಿಯನ್ನೇ ಕೇಳಿದರೆ ಹೊಸಬ ಕಲಿಯುವುದೆಲ್ಲಿ? ಈ ಪ್ರಶ್ನೆ ನ್ಯಾಯದ್ದು, ಧರ್ಮದ್ದೂ ಹೌದು. 12ನೇ ಶತಮಾನದ ಶರಣರು ಅರಿವನ್ನು ಕಾಯಕದಿಂದ ಬೇರೆ ಮಾಡಲಿಲ್ಲ, ದುಡಿಯುವವರನ್ನು ಅನುಭವದ ಗೋಷ್ಠಿಯಿಂದ ಹೊರಗಿಡಲೂ ಇಲ್ಲ. ಅರಿಷಿಣದ ದಿನದ ಚಿಕ್ಕ ಕಾರ್ಯವನ್ನು ಹೊಸ ಹುಡುಗನಿಗೆ ಒಪ್ಪಿಸಿ, ಮುಹೂರ್ತದ ಹೊತ್ತಿಗೆ ಹಿರಿಯನ ಕೈಕೆಳಗೆ ಅವನನ್ನು ನಿಲ್ಲಿಸುವುದು ಸರಿಯಾದ ಕ್ರಮ. ಸನಾದಿಯವರ ಮಕ್ಕಳು ಕಲಿತದ್ದೂ ಹೀಗೆಯೇ.

ಅನುಭವದ ಕೊನೆಯ ಪರೀಕ್ಷೆ ನಿರಾಕರಣೆಯಲ್ಲಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. 10 ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಹತ್ತುಪಟ್ಟಾಗುತ್ತದೆ. ಪಕ್ಕದ ಮನೆಯ ಹಸುಗೂಸು, ಹೃದಯದ ಕಾಯಿಲೆಯ ಮುದುಕ ಆ ಮದುವೆಯ ಅತಿಥಿಗಳಲ್ಲ, ಆದರೂ ಏಟು ಅವರಿಗೆ ಬೀಳುತ್ತದೆ. ಬೀಗರೇ ಒತ್ತಾಯಿಸಿದರೂ ಬೇಸ್ ತಗ್ಗಿಸುವ ಧೈರ್ಯ ಇಲ್ಲದವನನ್ನು, ಅವನು ಎಷ್ಟೇ ವರ್ಷ ದುಡಿದಿರಲಿ, ಅನುಭವಿ ಎನ್ನಲಾಗದು. ಇಸಾರ ಕೊಡುವ ಮುನ್ನ ಮನೆಯ ಹಿರಿಯರೊಬ್ಬರು, ಗೊತ್ತುಮಾಡಬೇಕೆಂದಿರುವ ಡಿಜೆಯವನು ಒಪ್ಪಿಕೊಂಡ ಬೇರೊಂದು ಮದುವೆಗೆ ಹೋಗಿ, ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಅವನ ಕಣ್ಣು ಮಿಕ್ಸರಿನ ಮೇಲಿದೆಯೋ ಹಂದರದ ಮೇಲಿದೆಯೋ ನೋಡಿ ಬರಲಿ.